ಲೈಬ್ರರಿಗೆ ಹೋಗ್ತೀನಿ ಅಂದರೆ ಯಾರೂ ಬೇಡ ಅನ್ನೋದಿಲ್ಲ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ಹೋದ ವರ್ಷ ನಮ್ಮ ತರಗತಿಯನ್ನು ಒಂದು ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಂದು ಮೇಜಿನ ಮುಂದೆ ಎಲ್ಲಕ್ಕಿಂತ ಉದ್ದದ ಸಾಲು ನಿಂತಿತ್ತು. ಮೇಜಿನ ಮೇಲಿದ್ದುದು ಒಂದೇ ಒಂದು ವಿಆರ್ ಕನ್ನಡಕ. ತಲೆಗೆ ಕಟ್ಟಿಕೊಂಡರೆ ಬೇರೊಂದು ಜಾಗದ ನಡುವೆ ನಿಂತಂತೆ ಕಾಣುತ್ತದಲ್ಲ, ಅದು. ಒಬ್ಬೊಬ್ಬರಿಗೆ ಎರಡು ನಿಮಿಷ. ಕಟ್ಟಿಕೊಂಡವರು ಕೂಗುತ್ತಿದ್ದರು, ಗಾಳಿಯಲ್ಲಿ ಕೈ ಬೀಸುತ್ತಿದ್ದರು. ಒಳಗೆ ಡೈನೋಸಾರ್ ಇತ್ತಂತೆ. ಹುಡುಗರ ಸಾಲು ಬೇಗ ಬೇಗ ಸರಿಯಿತು. ನಮ್ಮ ಸಾಲು ನಿಂತೇ ಇತ್ತು. ಆ ಕನ್ನಡಕದ ಪಟ್ಟಿಯನ್ನು ತಲೆಯ ಹಿಂದೆ ಬಿಗಿಯಬೇಕು. ನಾವು ಸ್ಕಾರ್ಫ್ ಹಾಕಿದ್ದೆವು. ಬಿಗಿಯುತ್ತಿದ್ದ ಅಣ್ಣನಿಗೆ ಕೈ ಹಾಕಲು ಸಂಕೋಚ, ನಮಗೆ ಅದಕ್ಕಿಂತ ಹೆಚ್ಚು. ಕೊನೆಗೆ ನನ್ನ ಗೆಳತಿಯೇ ಮುಂದೆ ಹೋಗಿ, ಪಟ್ಟಿ ಸ್ಕಾರ್ಫಿನ ಮೇಲೆಯೇ ಸರಿಯಾಗಿ ಕೂರುತ್ತದೆ, ಪಿನ್ ಮಾತ್ರ ಪಕ್ಕಕ್ಕೆ ಚುಚ್ಚಿಕೊಂಡರಾಯಿತು ಎಂದು ಕಂಡುಹಿಡಿದಳು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ನನ್ನ ಮುಂದೆ ಮೂರೇ ಜನ ಇದ್ದರು.

ಈ ಲೇಖನವನ್ನು ಆ ಬ್ಯಾಟರಿಯ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ಸ್ವಲ್ಪ ಸಿಟ್ಟು ಇದ್ದರೂ ಇರಬಹುದು. ಆದರೆ ಅಂದಿನಿಂದ ನಾನು ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈ ಕನ್ನಡಕಗಳನ್ನು, ಗೋಡೆಯಗಲದ ಪರದೆಗಳನ್ನು ಇಟ್ಟಿರುವುದು ಕಂಪ್ಯೂಟರ್ ವಿಭಾಗದಲ್ಲಿ ಮಾತ್ರವಲ್ಲ, ಗ್ರಂಥಾಲಯದಲ್ಲಿ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆಮೇಲೆ ಯೋಚಿಸಿದರೆ, ಅದೇ ಸರಿಯಾದ ಜಾಗ ಅನ್ನಿಸಿತು. ನಮ್ಮಂಥವರಿಗಂತೂ ಅದೊಂದೇ ಜಾಗ.

ಯಾಕೆ ಎಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ, ನನಗೆ ಗೊತ್ತಿರುವ ಹೆಚ್ಚಿನ ಮನೆಗಳಲ್ಲಿ, ಹುಡುಗಿ ಹೊರಗೆ ಹೊರಟರೆ ನಾಲ್ಕು ಪ್ರಶ್ನೆ ಬರುತ್ತವೆ. ಎಲ್ಲಿಗೆ, ಯಾರ ಜೊತೆ, ಯಾಕೆ, ಎಷ್ಟೊತ್ತಿಗೆ ಬರ್ತಿ. "ಗೆಳತಿ ಮನೆಗೆ" ಅಂದರೆ ನಾಲ್ಕಕ್ಕೂ ಉತ್ತರ ಕೊಡಬೇಕು. "ಪ್ರದರ್ಶನ ನೋಡಾಕ" ಅಂದರೆ ನಾಲ್ಕಕ್ಕೆ ನಾಲ್ಕು ಸೇರುತ್ತವೆ. "ಲೈಬ್ರರಿಗೆ ಹೋಗ್ತೀನಿ" ಅಂದರೆ ಮಾತ್ರ ಅಬ್ಬಾ ಪೇಪರಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಾರೆ. ಅಮ್ಮಿ ನೀರಿನ ಬಾಟಲಿ ಕೊಡುತ್ತಾರೆ. ನಮ್ಮ ದಾದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಲೈಬ್ರರಿ ಎಂಬ ಮಾತಿಗೆ ಅವರ ಮುಖದಲ್ಲಿ ಒಂದು ಗೌರವ ಬರುತ್ತದೆ. ಮಾಲ್ ಒಳಗೆ, ಗೇಮಿಂಗ್ ಅಂಗಡಿಯೊಳಗೆ, ಹುಬ್ಬಳ್ಳಿಯ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಈ ಕನ್ನಡಕ ಎಷ್ಟು ಇದ್ದರೇನು? ನಮ್ಮ ಪಾಲಿಗೆ ಅದು ಚಂದ್ರಲೋಕದಲ್ಲಿದ್ದ ಹಾಗೆ. ಗ್ರಂಥಾಲಯದೊಳಗೆ ಇಟ್ಟರೆ ಮಾತ್ರ ನಾವು ಅಲ್ಲಿಗೆ ನಡೆದು ಹೋಗಬಲ್ಲೆವು.

ಈಗ ಆ ದೂರದ ಗ್ರಂಥಾಲಯದ ಒಂದು ಉದಾಹರಣೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 2013ರಲ್ಲಿ ಹಂಟ್ ಲೈಬ್ರರಿ ಎಂಬ ಹೊಸ ಗ್ರಂಥಾಲಯ ತೆರೆಯಿತು. ಅಲ್ಲಿ ಪುಸ್ತಕ ತಂದುಕೊಡುವುದು ಯಂತ್ರ. ಸುಮಾರು 20 ಲಕ್ಷ ಪುಸ್ತಕಗಳನ್ನು ಡಬ್ಬಿಗಳಲ್ಲಿ ಒತ್ತೊತ್ತಾಗಿ ಇಡಬಹುದು. ಹಾಗೆ ಉಳಿದ ಜಾಗದಲ್ಲಿ ದೊಡ್ಡ ಪರದೆಗಳ ಕೋಣೆಗಳನ್ನು ಮಾಡಿದ್ದಾರೆ. ಯಂತ್ರದ ಸುದ್ದಿ ಓದಿ ನಾನು ಬೇಗ ಮರೆತೆ. ಮರೆಯದೇ ಇದ್ದದ್ದು ಬೇರೆ.

ಮಾರ್ಟಿನ್ ಲೂಥರ್ ಕಿಂಗ್ 1960ರ ಫೆಬ್ರುವರಿ 16ರಂದು ಅದೇ ರಾಜ್ಯದ ಡರ್ಹಮ್ ಊರಿನ ವೈಟ್ ರಾಕ್ ಚರ್ಚಿನಲ್ಲಿ ಒಂದು ಭಾಷಣ ಮಾಡಿದರು. ಕರಿಯರಿಗೆ ಊಟ ಕೊಡದ ಹೋಟೆಲುಗಳಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳುವ ಚಳವಳಿ ಆಗಷ್ಟೇ ಶುರುವಾಗಿತ್ತು. ಜೈಲಿಗೆ ಹೋಗಲು ಹೆದರಬೇಡಿ ಎಂದು ಅವರು ಹುಡುಗ ಹುಡುಗಿಯರಿಗೆ ಹೇಳಿದ ದಿನ ಅದು. ಆ ಭಾಷಣದ ಧ್ವನಿಮುದ್ರಣ ಉಳಿದಿಲ್ಲ. ಆ ಚರ್ಚ್ ಕಟ್ಟಡವೂ ಉಳಿದಿಲ್ಲ, ಊರು ಬೆಳೆಸುವ ಕೆಲಸದಲ್ಲಿ ಕೆಡವಿದರು. ಆ ವಿಶ್ವವಿದ್ಯಾಲಯದವರು ಹಳೆಯ ದಾಖಲೆಗಳನ್ನು ನೋಡಿ ಚರ್ಚನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಕಲಾವಿದರೊಬ್ಬರು ಭಾಷಣವನ್ನು ಮತ್ತೆ ಮಾಡಿದರು. ಮುಂದಿನ ಬೆಂಚಿನಲ್ಲಿ ಕುಳಿತರೆ ಹೇಗೆ ಕೇಳುತ್ತಿತ್ತು, ಹಿಂದೆ ನಿಂತವರಿಗೆ ಹೇಗೆ ಕೇಳುತ್ತಿತ್ತು ಎಂಬುದೂ ಅದರಲ್ಲಿದೆ. ಆ ದಿನ ಅಲ್ಲಿದ್ದವರಲ್ಲಿ ವಿದ್ಯಾರ್ಥಿಗಳೂ ಇದ್ದರು.

ಇದರಲ್ಲಿ ಡೈನೋಸಾರ್ ಇಲ್ಲ. ಯಾರೂ ಕೂಗಿ ಹೌಹಾರುವುದಿಲ್ಲ. ಆದರೆ ಇದು ಗ್ರಂಥಾಲಯದ ಕೆಲಸ. ಕಳೆದುಹೋದದ್ದನ್ನು ಹುಡುಕಿ, ಜೋಡಿಸಿ, ಇಟ್ಟು, ಕೇಳಿದವರಿಗೆಲ್ಲ ಕೊಡುವುದು. ಪುಸ್ತಕದ ಮೂಲಕ ಮಾಡಿದರೂ ಅದೇ, ಪರದೆಯ ಮೂಲಕ ಮಾಡಿದರೂ ಅದೇ.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಇಲ್ಲವೇ? ಇದೆ, ಆದರೆ ಗ್ರಂಥಾಲಯದಲ್ಲಿ ಅಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ ಒಳಗೆ ಕಲಾಧಾಮ ಎಂಬ ಸಂಗ್ರಹಾಲಯವಿದೆ. ಅಲ್ಲಿ ದುಂಡಗೆ ಸುತ್ತುವರಿದ ಪರದೆಯ ನಡುವೆ ನಿಂತು ಹಂಪಿಯನ್ನು ನೋಡಬಹುದು. ಅದನ್ನು ಮಾಡಿದವರು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ. ಫೋಟೋ ತೆಗೆದವರು ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್. 2006ರಲ್ಲಿ ಅದನ್ನು ಮೊದಲು ತೋರಿಸಿದ್ದು ಯುರೋಪಿನಲ್ಲಿ. ನಮ್ಮ ಪಕ್ಕದ ಹಂಪಿ ಪ್ರಪಂಚ ಸುತ್ತಿಕೊಂಡು ತೋರಣಗಲ್ಲಿಗೆ ವಾಪಸು ಬಂತು. ಇದಕ್ಕೆ ನನ್ನ ತಕರಾರಿಲ್ಲ, ಹೋಗಿ ನೋಡುವ ಆಸೆಯೇ ಇದೆ. ಆದರೆ ಸಂಗ್ರಹಾಲಯದಲ್ಲಿ ನಾವು ಬೇರೆಯವರು ಮಾಡಿಟ್ಟದ್ದನ್ನು ನೋಡಿ ಬರುತ್ತೇವೆ. ಗ್ರಂಥಾಲಯಕ್ಕೆ ಬೇಕೆಂದಾಗ ಮತ್ತೆ ಮತ್ತೆ ಹೋಗಬಹುದು, ಪಕ್ಕದ ಕಪಾಟಿನ ಪುಸ್ತಕ ತೆಗೆದು ಹೋಲಿಸಬಹುದು, ನಾವೇ ಮಾಡಿದ್ದನ್ನು ಅಲ್ಲಿ ಇಡಲೂಬಹುದು. ಈ ಕೊನೆಯ ಮಾತು ನನಗೆ ಮುಖ್ಯ.

ಕಲ್ಲಿನ ಕಥೆಗೆ ಬರುತ್ತೇನೆ.

ನಮ್ಮ ಗುತ್ತಲದ ಒಂದು ಶಾಸನದ ಸುದ್ದಿ ಇತ್ತೀಚೆಗೆ ಪತ್ರಿಕೆಗಳಲ್ಲಿ ಬಂದದ್ದು ನಿಮಗೆಲ್ಲ ನೆನಪಿರಬಹುದು. 1539ರದ್ದು, ವಿಜಯನಗರದ ಅಚ್ಯುತರಾಯನ ಕಾಲ. ಬರಗಾಲದಲ್ಲಿ ಸತ್ತ 6,307 ಜನರನ್ನು ಮಣ್ಣು ಮಾಡಿದ ವಿಷಯ ಅದರಲ್ಲಿದೆ. ರಾಜರ ಯುದ್ಧ, ದಾನ, ದತ್ತಿಗಳ ಶಾಸನ ನಾಡಿನ ತುಂಬ ಇವೆ. ಬರದಲ್ಲಿ ಸತ್ತವರನ್ನು ಎಣಿಸಿ ಬರೆದ ಕಲ್ಲು ಅಪರೂಪ. ಆ ಸುದ್ದಿ ಓದಿದ ದಿನ ನಾನು ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟೆ. ಆರು ಸಾವಿರದ ಮುನ್ನೂರು ಅಲ್ಲ, ಆರು ಸಾವಿರದ ಮುನ್ನೂರಾ ಏಳು. ಆ ಏಳನ್ನು ಬಿಡದೆ ಯಾರೋ ಎಣಿಸಿದ್ದಾರೆ. ಹತ್ತನೇ ತರಗತಿಯವರೆಗೆ ಓದಿದ ಇತಿಹಾಸದಲ್ಲಿ ಗುತ್ತಲ ಎಂಬ ಹೆಸರು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಅದಾದ ಮೇಲೆ ನಾನು, ನನ್ನ ಇಬ್ಬರು ಗೆಳತಿಯರು ಚಾಚಾನ ಜೊತೆ ಚೌಡಯ್ಯದಾನಪುರಕ್ಕೆ ಹೋದೆವು. ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯ ಹತ್ತಿರ ಆಳೆತ್ತರಕ್ಕಿಂತ ದೊಡ್ಡ ಶಾಸನದ ಕಲ್ಲುಗಳು ನಿಂತಿವೆ. ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಎಂದು ಹೇಳಿಕೊಳ್ಳುತ್ತಿದ್ದ ಗುತ್ತಲದ ಗುತ್ತರಸರ ಕಾಲದವು ಅವು, 12 ಮತ್ತು 13ನೇ ಶತಮಾನದವು. ನಾವು ಹೋಗಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಬಿಸಿಲು ನೆತ್ತಿಯ ಮೇಲೆ. ಕಲ್ಲಿನ ಮೇಲೆ ಏನೋ ಗೀಚಿದಂತೆ ಕಂಡಿತೇ ಹೊರತು ಒಂದು ಅಕ್ಷರವೂ ಕಣ್ಣಿಗೆ ಹತ್ತಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ನಕ್ಕು, "ಈಗ ಬಂದ್ರ ಏನ್ ಕಾಣ್ತದವ್ವ, ಮುಂಜಾನೆ ಇಲ್ಲಾ ಸಂಜಿಮುಂದ ಬರಬೇಕು, ಬಿಸಲು ಅಡ್ಡ ಬಿದ್ದಾಗ" ಅಂದರು. ಚಾಚಾ ತಮ್ಮ ಮೊಬೈಲಿನ ಟಾರ್ಚ್ ಹಚ್ಚಿ, ಕಲ್ಲಿನ ನೆರಳಿದ್ದ ಬದಿಗೆ ಹೋಗಿ, ಬೆಳಕನ್ನು ಓರೆಯಾಗಿ ಬಿಟ್ಟರು. ಆಗ ಅಕ್ಷರಗಳು ಎದ್ದವು. ನಾವು ಓದಲು ಸೋತೆವು, ಅದು ಹಳೆಗನ್ನಡ. ಆದರೆ "ರ" ಮತ್ತು "ಗ" ಗುರುತಾದಾಗ ಆದ ಖುಷಿ ಪರೀಕ್ಷೆಯ ಅಂಕಕ್ಕೂ ಆಗಿರಲಿಲ್ಲ.

ಓರೆ ಬೆಳಕಿನ ಈ ಚಿಕ್ಕ ಸಂಗತಿಯೇ ಬೆಂಗಳೂರಿನಲ್ಲಿ ಒಂದು ದೊಡ್ಡ ಕೆಲಸವಾಗಿದೆ. 1909ರಲ್ಲಿ ಹುಟ್ಟಿದ, ತನ್ನದೇ ಗ್ರಂಥಾಲಯವಿರುವ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಕೈಯಲ್ಲಿ ಹಿಡಿಯುವ ಸ್ಕ್ಯಾನರ್‌ನಿಂದ ಮೂರು ಆಯಾಮದಲ್ಲಿ ದಾಖಲಿಸುತ್ತಿದೆ. ಉದಯಕುಮಾರ್ ಅವರ ತಂಡ ಈ ಕೆಲಸ ನಡೆಸುತ್ತಿದೆ. 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಸಂಪುಟದಲ್ಲಿದ್ದ ಎಷ್ಟೋ ಕಲ್ಲುಗಳು ಊರು ಬೆಳೆದಂತೆ ಕಾಣೆಯಾಗಿವೆ, ಉಳಿದವನ್ನಾದರೂ ಹಿಡಿದಿಡಬೇಕು ಎಂಬುದು ಅವರ ಉದ್ದೇಶ. ಹೆಬ್ಬಾಳದ ಕಿತ್ತಯ್ಯನ ಶಾಸನ, ಸುಮಾರು 750ನೇ ಇಸವಿಯದು, ಈಗ ನಮ್ಮ ಮೊಬೈಲಿನಲ್ಲೂ ತಿರುಗಿಸಿ ನೋಡಬಹುದು. ಕಲ್ಲಿಗೆ ಸುಣ್ಣ ಬಳಿಯಬೇಕಿಲ್ಲ, ಹಿಟ್ಟು ಉಜ್ಜಬೇಕಿಲ್ಲ. ಕಂಪ್ಯೂಟರಿನಲ್ಲಿ ಬೆಳಕನ್ನು ಎಡಕ್ಕೆ ಬಲಕ್ಕೆ ಸರಿಸಿದರೆ ಸವೆದ ಅಕ್ಷರವೂ ನೆರಳು ಬೀಳಿಸುತ್ತದೆ. ಚಾಚಾನ ಟಾರ್ಚು ಮಾಡಿದ್ದೂ ಅದನ್ನೇ.

ಆದರೆ ರೈಸ್ ಕೆಲಸ ಮಾಡಿದ್ದು ಹಳೆ ಮೈಸೂರು ಸೀಮೆಯಲ್ಲಿ. ನಮ್ಮ ಹಾವೇರಿ 1956ರವರೆಗೆ ಮುಂಬೈ ಕಡೆಯ ಧಾರವಾಡ ಜಿಲ್ಲೆ. ನಮ್ಮ ಶಾಸನಗಳು ಬೇರೆ ಸಂಪುಟಗಳಲ್ಲಿ ಚದುರಿ ಹೋಗಿವೆ. ಮುಕ್ತೇಶ್ವರ ಗುಡಿಯ ಬಗ್ಗೆಯೇ ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಸಿಲ್ವೈನ್ ಫಿಲಿಯೋಜಾ ದಂಪತಿ 1995ರಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಗುಡಿ ನಮ್ಮ ಪಕ್ಕದಲ್ಲಿದೆ, ಪುಸ್ತಕ ನಮ್ಮ ಕಪಾಟಿನಲ್ಲಿಲ್ಲ. ಯಾರ ಮೇಲೂ ದೂರಲ್ಲ ಇದು, ನಾವು ಕೇಳಿಯೇ ಇರಲಿಲ್ಲ.

ಇಲ್ಲಿ ಭೌತಶಾಸ್ತ್ರದ ಎರಡು ಮಾತು. ಕಿರಣ ದೃಗ್ವಿಜ್ಞಾನದ ಪಾಠ ಓದುವಾಗ "ಮಿಥ್ಯಾ ಪ್ರತಿಬಿಂಬ" ಎಂಬ ಪದ ಬರುತ್ತದೆ. ಪೀನ ಮಸೂರದ ಸಂಗಮದೂರದ ಒಳಗೆ ವಸ್ತುವನ್ನಿಟ್ಟರೆ ದೊಡ್ಡದಾಗಿ, ನೇರವಾಗಿ, ದೂರದಲ್ಲಿದ್ದಂತೆ ಕಾಣುವುದೇ ಅದು. ವಿಆರ್ ಕನ್ನಡಕದೊಳಗೆ ಇರುವುದು ಅಷ್ಟೇ: ಕಣ್ಣಿಗೊಂದು ಮಸೂರ, ಅದರ ಹಿಂದೆ ಹತ್ತಿರದಲ್ಲೇ ಒಂದು ಪರದೆ. ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಚಿತ್ರ ಕೊಟ್ಟರೆ ಆಳ ಕಾಣುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದರು. ಅದಕ್ಕೂ ಎಂಟು ನೂರು ವರ್ಷ ಮೊದಲು ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್ ಹೈಸಮ್ ಕೈರೋದಲ್ಲಿ ಕುಳಿತು, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಮುಟ್ಟುತ್ತದೆ ಎಂದು ವಾದಿಸಿದ್ದು ನಮ್ಮ ಕಾಲೇಜಿನ ಗೋಡೆಯ ಚಾರ್ಟಿನಲ್ಲಿದೆ. ಹಾಗಾದರೆ ಮಿಥ್ಯಾ ಅನ್ನುವ ಪದ ಸ್ವಲ್ಪ ಅನ್ಯಾಯದ್ದು ಅನ್ನಿಸುತ್ತದೆ ನನಗೆ. ಕಣ್ಣಿಗೆ ಬಿದ್ದ ಬೆಳಕಂತೂ ನಿಜವೇ.

ಮಸೂರಗಳ ನಡುವಿನ ಅಂತರದ್ದೂ ಒಂದು ಕಥೆ ಇದೆ. ಎಲ್ಲರ ಎರಡು ಕಣ್ಣುಗಳ ನಡುವಿನ ದೂರ ಒಂದೇ ಅಲ್ಲ. ಹೆಂಗಸರದು ಸರಾಸರಿ ಸ್ವಲ್ಪ ಕಡಿಮೆ. ಕನ್ನಡಕ ಅಷ್ಟು ಹತ್ತಿರಕ್ಕೆ ಹೊಂದದಿದ್ದರೆ ತಲೆ ಸುತ್ತು, ವಾಂತಿ ಬಂದಂತಾಗುವುದು ಹೆಚ್ಚು. 2020ರಲ್ಲಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಹೆಂಗಸರಿಗೆ ಹೆಚ್ಚು ತಲೆಸುತ್ತು ಬರಲು ದೊಡ್ಡ ಕಾರಣ ಈ ಹೊಂದಾಣಿಕೆ ಇಲ್ಲದಿರುವುದೇ ಎಂದು ಹೇಳಿತು. ಪ್ರದರ್ಶನದ ದಿನ ನಮ್ಮಲ್ಲೊಬ್ಬಳು ಕನ್ನಡಕ ತೆಗೆದು ಕುಳಿತುಬಿಟ್ಟಾಗ, "ಹುಡುಗ್ಯಾರಿಗೆ ಇದು ಆಗಿಬರಂಗಿಲ್ಲ" ಎಂದು ಒಬ್ಬರು ಹೇಳಿದ್ದರು. ಹುಡುಗಿಗೆ ಆಗಿಬರಲಿಲ್ಲವೋ, ಹುಡುಗಿಯನ್ನು ನೆನೆಸದೆ ಮಾಡಿದ್ದರೋ? ಒಂದು ಗ್ರಂಥಾಲಯ ಇಂಥ ಕೋಣೆ ಮಾಡುವಾಗ ಯಂತ್ರದ ಬೆಲೆಗಿಂತ ಮೊದಲು ಇದನ್ನು ಕೇಳಬೇಕು. ಅಂತರ ಹೊಂದಿಸಬಹುದೇ, ಸ್ಕಾರ್ಫಿನ ಮೇಲೆ ಪಟ್ಟಿ ಕೂರುತ್ತದೆಯೇ, ಚಷ್ಮಾ ಇರುವವರು ಹಾಕಿಕೊಳ್ಳಬಹುದೇ, ಕಟ್ಟಲು ಒಬ್ಬ ಮೇಡಂ ಇರುತ್ತಾರೆಯೇ.

ಈಗ ವಿರೋಧದ ಮಾತು. ಈ ಲೇಖನದ ಮೊದಲ ಪ್ರತಿ ಓದಿದ ನಮ್ಮ ಉಪನ್ಯಾಸಕರೊಬ್ಬರು, "ಕಪಾಟಿನಲ್ಲಿ ಹೊಸ ಪುಸ್ತಕ ಇಲ್ಲ, ನಿನಗೆ ಗಾಳಿಯಲ್ಲಿ ಗುಡಿ ಬೇಕಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮಗೆ ಹತ್ತಿರದ ವಿಶ್ವವಿದ್ಯಾಲಯ ಅಂದರೆ ಕೆರಿಮತ್ತಿಹಳ್ಳಿಯ ಹಾವೇರಿ ವಿಶ್ವವಿದ್ಯಾಲಯ. ಅದು ಹುಟ್ಟಿ ಇನ್ನೂ ಕಣ್ಣು ಬಿಡುವಷ್ಟರಲ್ಲಿ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಮುಚ್ಚಬೇಕೆಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಬಂತು. ವಿಶ್ವವಿದ್ಯಾಲಯವೇ ಇರುತ್ತದೋ ಇಲ್ಲವೋ ಎಂಬ ಮಾತು ನಡೆಯುವ ಜಿಲ್ಲೆಯಲ್ಲಿ ಅದರ ಗ್ರಂಥಾಲಯದೊಳಗೆ ಪರದೆಯ ಕೋಣೆ ಕೇಳುವುದು ಕೆಲವರಿಗೆ ತಮಾಷೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪದವಿಗೆ, ಆಮೇಲೆ ಎಂ.ಎ., ಎಂ.ಎಸ್ಸಿ.ಗೆ ಧಾರವಾಡಕ್ಕೆ ಕಳಿಸದ ಮನೆಗಳ ಹುಡುಗಿಯರಿಗೆ ಕೆರಿಮತ್ತಿಹಳ್ಳಿ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರ. ಅಲ್ಲಿ ಏನಿದೆಯೋ ಅಷ್ಟೇ ನಮಗೆ ಸಿಗುವುದು.

ಇನ್ನೊಂದು ವಿರೋಧ, ದುಡ್ಡು ಹಾಕಿ ತಂದ ಯಂತ್ರ ಬೇಗ ಹಳತಾಗುತ್ತದೆ ಎಂಬುದು. ಇದೂ ನಿಜ. ಗೂಗಲ್ 2014ರಲ್ಲಿ ರಟ್ಟಿನ ಪೆಟ್ಟಿಗೆಯ ವಿಆರ್ ತಂದಿತು, ಕಾರ್ಡ್‌ಬೋರ್ಡ್ ಎಂದೇ ಅದರ ಹೆಸರು. ಶಾಲೆಗಳಿಗಾಗಿ ಎಕ್ಸ್‌ಪೆಡಿಷನ್ಸ್ ಎಂಬ ಆ್ಯಪ್ ಕೊಟ್ಟಿತು, ಮಕ್ಕಳು ಕುಳಿತಲ್ಲೇ ಪ್ರಪಂಚ ಸುತ್ತಿದರು. 2021ರಲ್ಲಿ ಆ ಆ್ಯಪ್ ನಿಂತೇಹೋಯಿತು. ಕಂಪನಿಯ ಆ್ಯಪ್ ನಂಬಿ ಪಾಠ ಮಾಡಿದ್ದವರಿಗೆ ಒಂದು ದಿನ ಬಾಗಿಲು ಮುಚ್ಚಿತ್ತು. ಈ ಉದಾಹರಣೆಯನ್ನು ನಾನು ವಿರೋಧದವರಿಗೇ ವಾಪಸು ಕೊಡುತ್ತೇನೆ: ಅದಕ್ಕೇ ಇದು ಗ್ರಂಥಾಲಯದಲ್ಲಿರಬೇಕು. ಅಂಗಡಿ ಮಾರುತ್ತದೆ, ಲಾಭ ಇಲ್ಲದಿದ್ದರೆ ಬಿಡುತ್ತದೆ. ಒಂದು ಕಲ್ಲಿನ ಫೋಟೋಗಳನ್ನು ನಾಲ್ಕು ಪ್ರತಿ ಮಾಡಿ, ಎಲ್ಲಿ ತೆಗೆದದ್ದು, ಯಾವಾಗ, ಯಾರು ಎಂದು ರಿಜಿಸ್ಟರಿನಲ್ಲಿ ಬರೆದು, ಇಪ್ಪತ್ತು ವರ್ಷದ ನಂತರ ಕೇಳಿದವರಿಗೂ ಹುಡುಕಿ ಕೊಡುವ ಶಿಸ್ತು ಇರುವುದು ಗ್ರಂಥಪಾಲಕರಿಗೆ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಗುರು ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲೆಗಳ ಶಾಸ್ತ್ರಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. 1931ರಷ್ಟು ಹಿಂದೆಯೇ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು ಬಳಕೆಯ ಬಗ್ಗೆ. ಬೀಗ ಹಾಕಿ ಕಾಯುವುದನ್ನು ಅವರು ಗ್ರಂಥಾಲಯ ಎಂದು ಕರೆಯಲಿಲ್ಲ.

ನಾವು ಮೂವರು ಏನು ಮಾಡಿದೆವು ಎಂದು ಈಗ ಹೇಳಬೇಕು, ಇಲ್ಲದಿದ್ದರೆ ಬರೀ ಬೇಡಿಕೆಯ ಪಟ್ಟಿಯಾಗುತ್ತದೆ ಈ ಲೇಖನ. ನಮ್ಮ ಹಳೆಯ ಹೊಲದ ಬದುವಿನ ಮೇಲೆ ಒಂದು ವೀರಗಲ್ಲು ವಾಲಿಕೊಂಡು ನಿಂತಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವರ ಮುಂದೆ ಕುಳಿತದ್ದು, ಹೀಗೆ ಮೂರು ಅಂಕಣ. ಒಂದು ಮುಂಜಾನೆ ಅದರ ಸುತ್ತ ಹೆಜ್ಜೆ ಹೆಜ್ಜೆಗೂ ನಿಂತು ಮೊಬೈಲಿನಲ್ಲಿ 62 ಫೋಟೋ ತೆಗೆದೆವು. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಇರಬೇಕು, ಅದೇ ಗುಟ್ಟು. ಎರಡರಲ್ಲೂ ಇರುವ ಚುಕ್ಕೆಗಳನ್ನು ಹೋಲಿಸಿ ಕಂಪ್ಯೂಟರ್ ತಾನೇ ದೂರ ಲೆಕ್ಕ ಹಾಕಿ ಕಲ್ಲನ್ನು ಕಟ್ಟುತ್ತದೆ. ಇದಕ್ಕೆ ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶವಿದೆ. ಕಾಲೇಜಿನ ಕಂಪ್ಯೂಟರಿಗೆ ಅಷ್ಟು ಶಕ್ತಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಭಾಯಿಜಾನ್ ಅವರ ಹಾಸ್ಟೆಲಿನ ಕಂಪ್ಯೂಟರಿಗೆ ಹಾಕಿದರು. ಒಂದು ರಾತ್ರಿ ಇಡೀ ಓಡಿತಂತೆ. ಬಂದ ಕಲ್ಲಿನ ಹಿಂಭಾಗದಲ್ಲಿ ಒಂದು ದೊಡ್ಡ ತೂತು ಇತ್ತು, ಜಾಲಿ ಮುಳ್ಳಿಗೆ ಹೆದರಿ ನಾವು ಆ ಕಡೆ ಹೋಗಿರಲಿಲ್ಲ. ಮುಂಭಾಗ ಮಾತ್ರ ಕತ್ತಿಯ ಹಿಡಿ ಕಾಣುವಷ್ಟು ಚೆನ್ನಾಗಿ ಬಂದಿತ್ತು.

ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ದಾದಿಗೆ ತೋರಿಸಿದೆ. ಮೊಣಕಾಲು ನೋವಿನಿಂದ ಅವರು ಹೊಲದ ಕಡೆ ಹೋಗಿ ಆರು ವರ್ಷವಾಯಿತು. ಪೆಟ್ಟಿಗೆಯನ್ನು ಕಣ್ಣಿಗೆ ಹಿಡಿದ ದಾದಿ ಮೊದಲು ಬೈದರು. ಆಮೇಲೆ ಸುಮ್ಮನಾದರು. ನಂತರ ಕೈ ಮುಂದೆ ಚಾಚಿ, "ಇಲ್ಲೇ ಒಂದ್ ಮೂಲಿ ಮುರದಿತ್ತಲ್ಲ" ಎಂದು ನಮ್ಮ ಮನೆಯ ಉರ್ದುವಿನಲ್ಲಿ ಕೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ ಬುತ್ತಿ ಗಂಟು ಆ ಕಲ್ಲಿನ ಮೇಲೆ ಇಡುತ್ತಿದ್ದರಂತೆ, ನಾಯಿಗೆ ಸಿಗದಿರಲಿ ಎಂದು. ಮೂಲೆ ಮುರಿದದ್ದು ಹೇಗೆ ಎಂಬುದು ಊರಿನ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ದಾದಿಗೆ ಗೊತ್ತಿತ್ತು. ಟ್ರ್ಯಾಕ್ಟರ್ ಬಂದ ವರ್ಷ. ನಾನು ಅದನ್ನು ಬರೆದುಕೊಂಡೆ.

ಅದೇ ಸಂಜೆ ಇನ್ನೊಂದು ಮಾತೂ ಆಯಿತು. ಮುಂದಿನ ತಿಂಗಳು ತರಗತಿಯವರು ಹಂಪಿಗೆ ಹೋಗುವ ವಿಷಯ ತೆಗೆದೆ. ಅಬ್ಬಾ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತಾ, "ಎಲ್ಲಾ ಇದರಾಗ ಕಾಣ್ತದಲ್ಲ, ಮತ್ತ್ಯಾಕ ಅಷ್ಟು ದೂರ?" ಅಂದರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಅಂದರು. ನಾನು ತಿಂಗಳುಗಟ್ಟಲೆ ಹೊಗಳಿಕೊಂಡು ಬಂದ ವಸ್ತು ಒಂದೇ ಮಾತಿನಲ್ಲಿ ನನ್ನ ವಿರುದ್ಧ ತಿರುಗಿತು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದ್ದು ಅಂದೇ. ದಾದಿ ಹೋಗಲಾರರು, ನನ್ನನ್ನು ಕಳಿಸುತ್ತಿಲ್ಲ. ಇವೆರಡೂ ಒಂದೇ ಅಲ್ಲ. ಹೋಗಲಾರದವರಿಗೆ ಈ ಪೆಟ್ಟಿಗೆ ದೊಡ್ಡ ಉಪಕಾರ. ಹೋಗಬಲ್ಲವರನ್ನು ಕೂರಿಸಲು ಅದನ್ನು ಬಳಸಿದರೆ, ಹೊಸ ಯಂತ್ರಕ್ಕೆ ಹಳೆಯ ಚಿಲಕ ಹಾಕಿದಂತೆ. ಕಾಲೇಜುಗಳೂ ನಾಳೆ ಹೀಗೆಯೇ ಅನ್ನಬಹುದು: ಬಸ್ಸಿನ ಖರ್ಚು, ಜವಾಬ್ದಾರಿ, ಪೋಷಕರ ಸಹಿ, ಇವೆಲ್ಲ ಯಾಕೆ, ಪರದೆಯ ಮೇಲೆ ತೋರಿಸಿಬಿಡೋಣ. ಆ ವೀರಗಲ್ಲಿನ ಮಾದರಿ ಹುಟ್ಟಿದ್ದೇ ನಾವು ಕಾಲಲ್ಲಿ ನಡೆದು, ಇಬ್ಬನಿಯಲ್ಲಿ ಚಪ್ಪಲಿ ಒದ್ದೆ ಮಾಡಿಕೊಂಡು, ಅದರ ಸುತ್ತ ಸುತ್ತಿದ್ದರಿಂದ. ನಾವು ಹೋಗದ ಹಿಂಭಾಗ ತೂತಾಗಿಯೇ ಉಳಿದಿದೆ.

ಆದ್ದರಿಂದ ಪ್ರಾಚಾರ್ಯರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ವಿಆರ್ ಕನ್ನಡಕ ಕೊಡಿಸಿ ಎಂದಲ್ಲ. ಗ್ರಂಥಾಲಯವನ್ನು ಶನಿವಾರ ಮಧ್ಯಾಹ್ನವೂ ತೆರೆದಿಡಿ. ಅದರ ಒಂದು ಮೂಲೆಗೆ ಸ್ವಲ್ಪ ಶಕ್ತಿಯುಳ್ಳ ಒಂದೇ ಕಂಪ್ಯೂಟರ್ ಕೊಡಿ. ಅದು ವಿಜ್ಞಾನದವರದಾಗಲೀ ಕಲೆಯವರದಾಗಲೀ ಆಗದೆ ಗುರುತಿನ ಚೀಟಿ ಇರುವ ಎಲ್ಲರದಾಗಿರಲಿ. ಗುತ್ತಲದ ಸುತ್ತಲಿನ ಕಲ್ಲುಗಳಿಗೆಂದೇ ಒಂದು ರಿಜಿಸ್ಟರ್ ತೆರೆಯಿರಿ. ಫಿಲಿಯೋಜಾ ದಂಪತಿಯ ಪುಸ್ತಕವನ್ನು ತರಿಸಿ ಅದರ ಪಕ್ಕದಲ್ಲಿಡಿ. ಕಲೆ ವಿಭಾಗದಲ್ಲಿ ಇತಿಹಾಸ ಓದುವವರಿಗೆ ಹಳೆಗನ್ನಡ ಸ್ವಲ್ಪವಾದರೂ ಗೊತ್ತು, ನಮಗೆ ಮಸೂರ ಗೊತ್ತು, ವಾಣಿಜ್ಯದವರು ಲೆಕ್ಕ ಇಡುತ್ತಾರೆ. ಮೂರೂ ವಿಭಾಗ ಒಟ್ಟಿಗೆ ಕೂರಲು ನಮ್ಮಲ್ಲಿ ಬೇರೆ ಜಾಗವೇ ಇಲ್ಲ. ನಾಳೆ ಕೆರಿಮತ್ತಿಹಳ್ಳಿಯಲ್ಲೋ ಮತ್ತೆಲ್ಲೋ ದೊಡ್ಡ ಪರದೆಯ ಕೋಣೆ ಬಂದರೆ, ಅಲ್ಲಿಗೆ ನಾವು ಬರಿಗೈಯಲ್ಲಿ ಹೋಗಿ ಡೈನೋಸಾರ್ ನೋಡಿ ಬರಬೇಕಿಲ್ಲ. ನಮ್ಮ ಊರನ್ನು ಒಂದು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಬಹುದು.

ಬರುವ ಭಾನುವಾರ ಬೆಳಿಗ್ಗೆ ಚೌಡಯ್ಯದಾನಪುರಕ್ಕೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ಬಿಸಿಲು ಅಡ್ಡ ಬೀಳುವ ಹೊತ್ತಿಗೆ ಅಲ್ಲಿರಬೇಕು. ಇತಿಹಾಸದ ಮೇಡಂ ಬರುತ್ತೇನೆಂದಿದ್ದಾರೆ. ಬರುವವರು ಗ್ರಂಥಾಲಯದ ಮೇಜಿನ ಮೇಲಿರುವ ಹಾಳೆಯಲ್ಲಿ ಹೆಸರು ಬರೆಯಿರಿ. ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಹಾಳೆಯಲ್ಲಿ ಈಗ ಹನ್ನೊಂದು ಹೆಸರಿವೆ, ಏಳು ಹುಡುಗಿಯರದು. ನನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅಬ್ಬಾ ಇನ್ನೂ ಹೂಂ ಅಂದಿಲ್ಲ, ಬಸ್ಸು ಎಷ್ಟೊತ್ತಿಗೆ ಎಂದು ಮಾತ್ರ ಕೇಳಿದ್ದಾರೆ.